‘ಬಹುದು’ ಮತ್ತು ‘ತಕ್ಕದ್ದು’: ಗಡಿನಾಡ ಶಾಸಕನೂ ಮಸೂದೆಯ ಹಾದಿಯೂ

2021ರ ಮೇ ತಿಂಗಳಲ್ಲಿ ಕೇರಳದ ಹದಿನೈದನೆಯ ವಿಧಾನಸಭೆಯ ನೂತನ ಸದಸ್ಯರು ತಿರುವನಂತಪುರದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನವನ್ನು ಓದಿದರು. ಅವರಿಗಿಂತ ಹಿಂದೆ ಅದೇ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಪಿ.ಬಿ. ಅಬ್ದುಲ್ ರಜಾಕ್ ಅವರೂ ಕನ್ನಡವನ್ನೇ ಆರಿಸಿಕೊಂಡಿದ್ದರು. 2021ರ ಅದೇ ಸಂದರ್ಭದಲ್ಲಿ ದೇವಿಕುಳಂ ಕ್ಷೇತ್ರದ ಎ. ರಾಜಾ ಅವರು ತಮಿಳಿನಲ್ಲಿ ಪ್ರಮಾಣ ಮಾಡಿದರು. ಆದರೆ ಅವರಿಗೆ ಒದಗಿಸಿದ್ದ ತಮಿಳು ಅನುವಾದದಲ್ಲಿ ‘ದೇವರ ಹೆಸರಿನಲ್ಲಿ’ ಎಂದಾಗಲಿ ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎಂದಾಗಲಿ ಸೂಚಿಸುವ ಮಾತು ಬಿಟ್ಟುಹೋಗಿತ್ತು. ಆ ಲೋಪದ ಕಾರಣ ಅವರು ಜೂನ್ ತಿಂಗಳಲ್ಲಿ ಎರಡನೆಯ ಬಾರಿ ಪ್ರಮಾಣವಚನ ಸ್ವೀಕರಿಸಬೇಕಾಯಿತು.

ಈ ಪ್ರಸಂಗವನ್ನು ಪತ್ರಿಕೆಗಳು ಒಂದು ವಿನೋದವೆಂಬಂತೆ ಬರೆದವು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಮಗೆ ಅದರಲ್ಲಿ ಬೇರೊಂದು ಪಾಠವಿದೆ. ಶಾಸನಸಭೆಯೆಂಬುದು ಮಾತಿನಿಂದಲೇ ನಡೆಯುವ ಮನೆ. ಅಲ್ಲಿ ಒಂದು ಪದ ಬಿಟ್ಟುಹೋದರೆ ಸದಸ್ಯತ್ವವೇ ಪ್ರಶ್ನೆಗೊಳಗಾಗುತ್ತದೆ. ಒಂದು ಕ್ರಿಯಾಪದ ಬದಲಾದರೆ ಒಂದು ಸಮುದಾಯದ ಹಕ್ಕು ಕೃಪೆಯಾಗಿ ಮಾರ್ಪಡುತ್ತದೆ. ಗಡಿನಾಡಿನ ಕನ್ನಡಿಗರ ಶಾಲೆ, ಅರ್ಜಿ, ಉದ್ಯೋಗ ಎಲ್ಲವೂ ಕಡೆಗೆ ಆ ಮನೆಯಲ್ಲಿ ಅಂಗೀಕಾರವಾಗುವ ವಾಕ್ಯಗಳನ್ನು ಅವಲಂಬಿಸಿವೆ. ಆದುದರಿಂದ ಆ ವಾಕ್ಯಗಳು ಹೇಗೆ ಹುಟ್ಟುತ್ತವೆ, ಅವನ್ನು ತಿದ್ದುವುದರಲ್ಲಿ ನಮ್ಮ ಶಾಸಕನ ಪಾಲು ಎಷ್ಟು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಶಾಸನ, ಮಸೂದೆ, ಕಾಯಿದೆ

ಮೊದಲು ಪದಗಳನ್ನು ನೋಡೋಣ. ‘ಶಾಸನ’ ಎಂದೊಡನೆ ನಮಗೆ ನೆನಪಾಗುವುದು ಹಲ್ಮಿಡಿಯ ಕಲ್ಲು. ದಾನ, ಗಡಿ, ತೆರಿಗೆ, ತೀರ್ಪು ಇವನ್ನು ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಕೊರೆದಿಡುವುದೇ ಶಾಸನ. ಇಂದಿನ ಕಾನೂನಿಗೂ ಅದೇ ಹೆಸರು ನಿಂತಿರುವುದು ಆಕಸ್ಮಿಕವಲ್ಲ. ಆಡಳಿತದ ಮಾತನ್ನು ಅಳಿಸಲಾಗದಂತೆ, ಎಲ್ಲರಿಗೂ ಅನ್ವಯವಾಗುವಂತೆ ದಾಖಲಿಸುವ ಕ್ರಿಯೆ ಎರಡರಲ್ಲಿಯೂ ಇದೆ. ಆ ಕ್ರಿಯೆಯಲ್ಲಿ ಪಾಲುಗೊಳ್ಳುವವನು ಶಾಸಕ.

‘ಮಸೂದೆ’ ಎಂಬುದು ಅರಬ್ಬಿ ಮೂಲದಿಂದ ಬಂದ ಪದ. ಕರಡು ಎಂದು ಅದರ ಅರ್ಥ. ಇದಕ್ಕೆ ಸಂಸ್ಕೃತಮೂಲದ ‘ವಿಧೇಯಕ’ ಎಂಬ ಪರ್ಯಾಯವೂ ಬಳಕೆಯಲ್ಲಿದೆ. ಸಭೆಯ ಮುಂದೆ ಇರುವ ತನಕ ಅದು ಮಸೂದೆ; ಸಭೆ ಅಂಗೀಕರಿಸಿ, ಅಂಕಿತ ದೊರೆತ ಮೇಲೆ ಅದೇ ‘ಅಧಿನಿಯಮ’ ಅಥವಾ ‘ಕಾಯಿದೆ’. ಕರಡು ಎಂಬ ಮೂಲಾರ್ಥವನ್ನು ಮರೆಯಬಾರದು. ಕರಡು ಎಂದರೆ ಇನ್ನೂ ತಿದ್ದಬಹುದಾದುದು. ಸಮುದಾಯವೊಂದು ಎಚ್ಚರಗೊಳ್ಳಬೇಕಾದ ಕಾಲ ಅದೇ. ಕಾಯಿದೆಯಾದ ಮೇಲೆ ಉಳಿಯುವುದು ನ್ಯಾಯಾಲಯದ ಹಾದಿ ಅಥವಾ ತಿದ್ದುಪಡಿಗಾಗಿ ವರ್ಷಗಟ್ಟಲೆ ಕಾಯುವ ಹಾದಿ.

ಮಸೂದೆಯ ಹಾದಿ

ಕೇರಳದಲ್ಲಿ ವಿಧಾನ ಪರಿಷತ್ತು ಇಲ್ಲ. 140 ಚುನಾಯಿತ ಸದಸ್ಯರ ಒಂದೇ ಸಭೆ. ಮಸೂದೆಯನ್ನು ಸಾಮಾನ್ಯವಾಗಿ ಸಂಬಂಧಪಟ್ಟ ಮಂತ್ರಿ ಮಂಡಿಸುತ್ತಾರೆ. ಮಂತ್ರಿಯಲ್ಲದ ಸದಸ್ಯರೂ ಮಸೂದೆ ತರಬಹುದು. ಅಂತಹವನ್ನು ಖಾಸಗಿ ಸದಸ್ಯರ ಮಸೂದೆ ಎನ್ನುತ್ತಾರೆ. ಅವು ಕಾಯಿದೆಯಾಗುವುದು ಬಹಳ ಅಪರೂಪವಾದರೂ ಒಂದು ವಿಷಯವನ್ನು ಸಭೆಯ ದಾಖಲೆಗೆ ಸೇರಿಸಲು, ಸರ್ಕಾರದಿಂದ ಉತ್ತರ ಪಡೆಯಲು ಅವು ಉಪಯುಕ್ತ.

ಮಂಡನೆಯ ನಂತರ ಮಸೂದೆಯ ಉದ್ದೇಶದ ಕುರಿತು ಸಾಮಾನ್ಯ ಚರ್ಚೆ ನಡೆಯುತ್ತದೆ. ಬಳಿಕ ಅದು ವಿಷಯ ಸಮಿತಿಗೆ ಹೋಗುತ್ತದೆ. ಇಲಾಖೆಗಳಿಗೆ ಅನುಗುಣವಾಗಿ ಸದಸ್ಯರ ಸ್ಥಾಯೀ ವಿಷಯ ಸಮಿತಿಗಳನ್ನು ರಚಿಸುವ ಕ್ರಮವನ್ನು ಭಾರತದಲ್ಲಿ ಮೊದಲು ತಂದುದು 1980ರಲ್ಲಿ ಕೇರಳ. ಸಮಿತಿಯಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಮೇಜಿನ ಸುತ್ತ ಕುಳಿತು ಮಸೂದೆಯ ಒಂದೊಂದು ಖಂಡವನ್ನೂ ಪರಿಶೀಲಿಸುತ್ತಾರೆ. ಸಭಾಂಗಣದ ಭಾಷಣಗಳಂತೆ ಅಲ್ಲಿಯ ಮಾತು ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ‘ಎಲ್ಲ ಶಾಲೆಗಳು’ ಎಂಬುದರ ಮುಂದೆ ಒಂದು ಪರಂತುಕವನ್ನು ಸೇರಿಸಿ ‘ಪರಂತು ಭಾಷಾ ಅಲ್ಪಸಂಖ್ಯಾತರ ಸಂದರ್ಭದಲ್ಲಿ’ ಎಂದು ಬರೆಯಿಸಲು ಸಾಧ್ಯವಾಗುವುದು ಹೆಚ್ಚಾಗಿ ಅಲ್ಲಿಯೇ.

ಸಮಿತಿಯ ವರದಿಯೊಡನೆ ಮಸೂದೆ ಸಭೆಗೆ ಮರಳುತ್ತದೆ. ಆಗ ಖಂಡಶಃ ಪರಿಶೀಲನೆ. ಯಾವ ಸದಸ್ಯನಾದರೂ ತಿದ್ದುಪಡಿಯ ಸೂಚನೆ ಕೊಡಬಹುದು. ಅದು ಮತಕ್ಕೆ ಬರುತ್ತದೆ. ಕೊನೆಯಲ್ಲಿ ಮಸೂದೆಯನ್ನು ಒಟ್ಟಾಗಿ ಅಂಗೀಕರಿಸುವ ನಿರ್ಣಯ. ಅಲ್ಲಿಂದ ಅದು ರಾಜ್ಯಪಾಲರ ಬಳಿಗೆ ಹೋಗುತ್ತದೆ. ಸಂವಿಧಾನದ 200ನೆಯ ಅನುಚ್ಛೇದದಂತೆ ಅವರು ಅಂಕಿತ ಹಾಕಬಹುದು, ಅಂಕಿತವನ್ನು ತಡೆಹಿಡಿಯಬಹುದು, ಹಣಕಾಸು ಮಸೂದೆಯಲ್ಲದಿದ್ದರೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಇಲ್ಲವೆ ರಾಷ್ಟ್ರಪತಿಗಳ ಪರಿಶೀಲನೆಗಾಗಿ ಕಾದಿರಿಸಬಹುದು.

ಈ ಕೊನೆಯ ದಾರಿಗೆ ಕೇರಳದ ಇತಿಹಾಸದಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. 1957ರಲ್ಲಿ ಸಭೆ ಅಂಗೀಕರಿಸಿದ ಕೇರಳ ಶಿಕ್ಷಣ ಮಸೂದೆ ರಾಷ್ಟ್ರಪತಿಗಳ ಬಳಿಗೆ ಹೋಯಿತು. ಅವರು 143ನೆಯ ಅನುಚ್ಛೇದದಡಿ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1958ರಲ್ಲಿ ನ್ಯಾಯಾಲಯ ಕೊಟ್ಟ ಅಭಿಪ್ರಾಯ ಅಲ್ಪಸಂಖ್ಯಾತರ ಶಿಕ್ಷಣಸಂಸ್ಥೆಗಳ ಹಕ್ಕಿನ ಬಗ್ಗೆ ಇಂದಿಗೂ ಉಲ್ಲೇಖಗೊಳ್ಳುವ ಆಧಾರವಾಗಿದೆ. ಸಭೆಯ ಬಹುಮತವೇ ಅಂತಿಮವಲ್ಲ, ಬಹುಮತದ ಆಚೆಗೂ ಅಲ್ಪಸಂಖ್ಯಾತರಿಗೆ ಕೆಲವು ಬಾಗಿಲುಗಳಿವೆ ಎಂಬುದನ್ನು ಆ ಪ್ರಕರಣ ತೋರಿಸಿತು.

ಒಂದು ವಾಕ್ಯದ ಬಲ

ಕನ್ನಡದ ಕಾನೂನು ಭಾಷೆಯಲ್ಲಿ ಎರಡು ಕ್ರಿಯಾರೂಪಗಳಿಗೆ ವಿಶೇಷ ತೂಕವಿದೆ. ‘ಮಾಡಬಹುದು’ ಎಂದರೆ ಅವಕಾಶ ಅಥವಾ ವಿವೇಚನೆ. ‘ಮಾಡತಕ್ಕದ್ದು’ ಎಂದರೆ ಕಡ್ಡಾಯ. ನ್ಯಾಯಾಲಯಗಳು ಸಂದರ್ಭ ನೋಡಿ ಒಂದನ್ನು ಇನ್ನೊಂದರಂತೆ ಅರ್ಥೈಸುವುದೂ ಉಂಟು. ಆದರೂ ಕರಡು ಬರೆಯುವವನು ಈ ಎರಡರಲ್ಲಿ ಯಾವುದನ್ನು ಇಡುತ್ತಾನೆ ಎಂಬುದರಿಂದ ಕಾಯಿದೆಯ ಸ್ವರೂಪವೇ ನಿರ್ಧಾರವಾಗುತ್ತದೆ.

ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯನ್ನು ನೋಡಿ. 1973ರ ತಿದ್ದುಪಡಿಯಿಂದ ಅದರಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ಹೆಸರು ಸ್ಪಷ್ಟವಾಗಿ ಸೇರಿತು. ಅದರ ತಾತ್ಪರ್ಯ ಹೀಗಿದೆ: ಈ ಎರಡು ಭಾಷೆಗಳ ಜನರು ರಾಜ್ಯದ ಸಚಿವಾಲಯದೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದ ಸ್ಥಳಗಳ ಸರ್ಕಾರಿ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಅಂತಹ ಪತ್ರಗಳಿಗೆ ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡತಕ್ಕದ್ದು.

ಈ ವಾಕ್ಯವನ್ನು ವ್ಯಾಕರಣದ ಕಣ್ಣಿನಿಂದ ಬಿಡಿಸಬೇಕು. ನಾಗರಿಕನ ಕಡೆಗೆ ‘ಬಹುದು’ ಇದೆ: ಕನ್ನಡದಲ್ಲಿ ಬರೆಯುವುದು ಅವನ ಇಚ್ಛೆ, ಯಾರೂ ಬಲವಂತ ಮಾಡಲಾರರು. ಸರ್ಕಾರದ ಕಡೆಗೆ ‘ತಕ್ಕದ್ದು’ ಇದೆ: ಉತ್ತರ ಕನ್ನಡದಲ್ಲಿರಬೇಕೆಂಬುದು ಅದರ ಹೊಣೆ. ಕ್ರಿಯಾರೂಪಗಳು ಅದಲು ಬದಲಾಗಿದ್ದರೆ ಇಡೀ ವಾಕ್ಯ ಅಧಿಕಾರಿಯ ದಾಕ್ಷಿಣ್ಯಕ್ಕೆ ಬಿಟ್ಟ ಮಾತಾಗುತ್ತಿತ್ತು. ತಮಿಳು, ಕನ್ನಡಗಳನ್ನು ಹೊರತುಪಡಿಸಿದ ಇತರ ಅಲ್ಪಸಂಖ್ಯಾತ ಭಾಷೆಗಳವರಿಗೆ ಇದೇ ಕಾಯಿದೆ ಇಂಗ್ಲಿಷಿನಲ್ಲಿ ವ್ಯವಹರಿಸುವ ಅವಕಾಶವನ್ನಷ್ಟೇ ಕೊಟ್ಟಿದೆ ಎಂಬುದನ್ನು ಗಮನಿಸಿದರೆ, ಭಾಷೆಯ ಹೆಸರು ಕಾಯಿದೆಯಲ್ಲಿ ದಾಖಲಾಗುವುದರ ಬೆಲೆ ಮನವರಿಕೆಯಾಗುತ್ತದೆ.

ಆದರೆ ಕಾಯಿದೆಯ ಪುಟದಲ್ಲಿರುವ ಹಕ್ಕು ಕಚೇರಿಯ ಮೇಜಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಮನೆಗೆ ಬಂದ ನೋಟೀಸನ್ನು ಓದಲಾಗದೆ ಶಾಲೆಗೆ ಹೋಗುವ ಮೊಮ್ಮಕ್ಕಳ ಕೈಗೆ ಕೊಡುವ ಹಿರಿಯರನ್ನು ನಮ್ಮ ಊರುಗಳಲ್ಲಿ ಅನೇಕರು ಕಂಡಿದ್ದೇವೆ. ಕನ್ನಡ ಬಲ್ಲ ಗುಮಾಸ್ತ ಇಲ್ಲದಿದ್ದರೆ, ಕನ್ನಡದ ನಮೂನೆ ಮುದ್ರಣವಾಗದಿದ್ದರೆ ‘ತಕ್ಕದ್ದು’ ಎಂಬ ಪದ ಮೌನವಾಗುತ್ತದೆ. ಶಾಸಕನ ಕೆಲಸದ ಎರಡನೆಯ ಅರ್ಧ ಆರಂಭವಾಗುವುದು ಇಲ್ಲಿಂದ.

140ರಲ್ಲಿ ಎಷ್ಟು ಮಂದಿ?

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಪ್ರತಿಸ್ಪರ್ಧಿಯೇ ಇಲ್ಲದ ಆ ಆಯ್ಕೆ ಆ ಕಾಲದ ಜನಾಭಿಪ್ರಾಯವನ್ನು ಸಾರಿ ಹೇಳಿತು. 1960ರಲ್ಲಿಯೂ 1967ರಲ್ಲಿಯೂ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ ಅವರು ಗೆದ್ದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಪ್ರದೇಶವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ತಲೆಮಾರಿನ ಶಾಸಕರ ಪ್ರತಿಪಾದನೆಯ ಕೇಂದ್ರದಲ್ಲಿ ಇದ್ದುದು ಗಡಿ.

1970ರಿಂದೀಚೆಗೆ ಚಿತ್ರ ಬದಲಾಯಿತು. ಎಂ. ರಾಮಪ್ಪ, ಎ. ಸುಬ್ಬರಾವ್ ಅವರು ಎಡಪಕ್ಷಗಳಿಂದ ಬಂದರು. 1987ರಿಂದ 2006ರವರೆಗೆ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರು ಸತತವಾಗಿ ಪ್ರತಿನಿಧಿಸಿದರು. ಕ್ಷೇತ್ರದ ದನಿ ರಾಜ್ಯಮಟ್ಟದ ಪಕ್ಷಗಳ ಮೂಲಕ ಹೊರಡತೊಡಗಿತು. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಪಕ್ಷದ ಬೆಂಬಲವಿರುವ ಶಾಸಕ ಮಂತ್ರಿಯ ಕೊಠಡಿಯೊಳಗೆ ಕುಳಿತು ಮಾತಾಡಬಲ್ಲ. ಆದರೆ ಪಕ್ಷದ ನಿಲುವನ್ನು ಮೀರಿ ಮತ ಹಾಕಲಾರ.

ಈ ಕೊನೆಯ ಮಾತಿಗೆ ಕಾನೂನಿನ ಆಧಾರವಿದೆ. 1985ರ 52ನೆಯ ತಿದ್ದುಪಡಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಿತು. ಪಕ್ಷದ ಸಚೇತಕಾಜ್ಞೆಗೆ ವಿರುದ್ಧವಾಗಿ ಮತ ಚಲಾಯಿಸಿದ ಸದಸ್ಯ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಕಾಸರಗೋಡು ಜಿಲ್ಲೆಯಲ್ಲಿ ಐದು ಕ್ಷೇತ್ರಗಳಿವೆ. ಅವುಗಳಲ್ಲಿ ಕನ್ನಡಿಗರ ಪ್ರಶ್ನೆ ಚುನಾವಣೆಯ ಪ್ರಶ್ನೆಯೂ ಆಗಿರುವುದು ಮುಖ್ಯವಾಗಿ ಮಂಜೇಶ್ವರ, ಕಾಸರಗೋಡುಗಳಲ್ಲಿ. ಹೀಗಿರುವಾಗ 140 ಸದಸ್ಯರ ಸಭೆಯಲ್ಲಿ ಭಾಷಾ ಮಸೂದೆಯೊಂದನ್ನು ಮತಬಲದಿಂದ ಸೋಲಿಸುವ ಆಸೆ ವ್ಯರ್ಥ. ಗಡಿನಾಡ ಶಾಸಕನ ನಿಜವಾದ ಬಲವಿರುವುದು ಎಣಿಕೆಯಲ್ಲಲ್ಲ, ಕರಡನ್ನು ಓದುವ ಕಣ್ಣಿನಲ್ಲಿ ಮತ್ತು ಸಮಯಕ್ಕೆ ಸರಿಯಾಗಿ ಮಾತಾಡುವುದರಲ್ಲಿ.

ಭಾಷಾ ಮಸೂದೆಗಳ ದಶಕ

ಕಳೆದ ಹತ್ತು ವರ್ಷಗಳ ಅನುಭವ ಇದನ್ನೇ ಹೇಳುತ್ತದೆ. 2015ರ ಡಿಸೆಂಬರಿನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷೆಯ ಪ್ರಸಾರ ಮತ್ತು ಪೋಷಣೆಗೆ ಸಂಬಂಧಿಸಿದ ಮಸೂದೆಯನ್ನು ಅಂಗೀಕರಿಸಿತು. ಅದು ರಾಷ್ಟ್ರಪತಿಗಳ ಪರಿಶೀಲನೆಗೆ ಹೋಯಿತು, ಅಂಕಿತ ದೊರೆಯಲಿಲ್ಲ. 2017ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಅನಂತರ ಸಭೆಯ ಅಂಗೀಕಾರ ಪಡೆದು ಮಲಯಾಳ ಭಾಷಾ ಕಲಿಕೆಯ ಕಾಯಿದೆ ಬಂದಿತು. ಹತ್ತನೆಯ ತರಗತಿಯವರೆಗೆ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ವಿಷಯವನ್ನಾಗಿಸುವುದು ಅದರ ಉದ್ದೇಶ. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. 2025ರ ಅಕ್ಟೋಬರಿನಲ್ಲಿ ಸಭೆ ಮತ್ತೊಂದು ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. ಆ ಕುರಿತು ಕರ್ನಾಟಕದ ಮುಖ್ಯಮಂತ್ರಿಗಳು ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು; ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಮಸೂದೆಯಲ್ಲಿಯೇ ರಕ್ಷಣೆಯಿದೆ ಎಂಬುದು ಕೇರಳದ ನಿಲುವಾಯಿತು.

ಇಲ್ಲಿ ವಾದವನ್ನು ಸರಿಯಾಗಿ ಹೂಡುವುದು ಅಗತ್ಯ. ರಾಜ್ಯದ ಭಾಷೆಯನ್ನು ಕಲಿಸುವುದೇ ತಪ್ಪು ಎಂಬ ವಾದ ನಿಲ್ಲುವುದಿಲ್ಲ. ಮಹಾರಾಷ್ಟ್ರದ ಗುಜರಾತಿ ಅಲ್ಪಸಂಖ್ಯಾತ ಶಾಲೆಗಳಲ್ಲಿ ಮರಾಠಿಯನ್ನು ಒಂದು ವಿಷಯವಾಗಿ ಕಡ್ಡಾಯಗೊಳಿಸಿದುದನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಎತ್ತಿ ಹಿಡಿದಿದೆ. ಆದರೆ ಕಲಿಕೆಯ ಮಾಧ್ಯಮದ ಪ್ರಶ್ನೆ ಬೇರೆ. ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ರಾಜ್ಯ ಹೇರಲಾಗದು ಎಂದು ಅದೇ ನ್ಯಾಯಾಲಯ 2014ರಲ್ಲಿ, ಕರ್ನಾಟಕ ಸರ್ಕಾರವೇ ಪಕ್ಷಗಾರನಾಗಿದ್ದ ಪ್ರಕರಣದಲ್ಲಿ ಹೇಳಿತು. ಜೊತೆಗೆ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಸೂಚಿಸುತ್ತದೆ.

ಆದ್ದರಿಂದ ಕರಡಿನ ಮುಂದೆ ಕುಳಿತ ಶಾಸಕ ಕೇಳಬೇಕಾದ ಪ್ರಶ್ನೆಗಳು ಇವು. ಹೊಸ ಭಾಷೆ ಬರುವಾಗ ವೇಳಾಪಟ್ಟಿಯಿಂದ ಯಾವ ಭಾಷೆ ಹೊರಗೆ ಹೋಗುತ್ತದೆ? ಕನ್ನಡ ಮಾಧ್ಯಮದ ಮಗುವಿಗೆ ಅದು ಪ್ರಥಮ ಭಾಷೆಯ ಸ್ಥಾನದಲ್ಲಿ ಬರುತ್ತದೆಯೋ, ಹೆಚ್ಚುವರಿ ವಿಷಯವಾಗಿಯೋ? ವಿನಾಯಿತಿ ಕಾಯಿದೆಯ ಖಂಡದಲ್ಲಿದೆಯೋ, ಮುಂದೆ ಸರ್ಕಾರ ಹೊರಡಿಸುವ ನಿಯಮಗಳಿಗೆ ಬಿಡಲಾಗಿದೆಯೋ? ಖಂಡದಲ್ಲಿರುವುದನ್ನು ತೆಗೆಯಲು ಸಭೆಗೇ ಹೋಗಬೇಕು. ನಿಯಮದಲ್ಲಿರುವುದನ್ನು ಸರ್ಕಾರ ಒಂದು ಅಧಿಸೂಚನೆಯಿಂದ ಬದಲಿಸಬಲ್ಲದು. ಮಂತ್ರಿಯ ಬಾಯಿಮಾತಿನ ಆಶ್ವಾಸನೆಗಿಂತ ಒಂದು ಉಪಖಂಡ ಗಟ್ಟಿ ಎಂಬುದು ಈ ಎಲ್ಲ ಪ್ರಕರಣಗಳ ಸಾರ.

ಮಸೂದೆಯಾಚೆಗಿನ ಕೆಲಸ

ಮಸೂದೆಗಳು ಬರುವುದು ಅಪರೂಪ, ಕುಂದುಕೊರತೆಗಳು ನಿತ್ಯದವು. ಕನ್ನಡ ಮಾಧ್ಯಮ ಶಾಲೆಗೆ ಕನ್ನಡವೇ ತಿಳಿಯದ ಅಧ್ಯಾಪಕರ ನೇಮಕವಾಗುವ ಸಮಸ್ಯೆ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಗಣಿತವನ್ನೋ ವಿಜ್ಞಾನವನ್ನೋ ಅರಿಯದ ಭಾಷೆಯಲ್ಲಿ ಕೇಳುತ್ತ ಕುಳಿತ ಮಗುವಿಗೆ ಕಳೆದುಹೋಗುವ ವರ್ಷವನ್ನು ಯಾವ ತೀರ್ಪೂ ಹಿಂದಿರುಗಿಸಲಾರದು. ಪಠ್ಯಪುಸ್ತಕ ತಡವಾಗುವುದು, ನೇಮಕಾತಿ ಪರೀಕ್ಷೆಯ ಭಾಷೆ, ಕಚೇರಿಯ ನಾಮಫಲಕ ಇವೂ ಇದೇ ಸಾಲಿನವು.

ಇಂತಹವುಗಳಿಗೆ ಶಾಸಕನ ಕೈಯಲ್ಲಿ ಹಲವು ಸಾಧನಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸಭೆಯಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು. ಉಪಪ್ರಶ್ನೆ ಕೇಳಲೂ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಎಷ್ಟು ಹುದ್ದೆಗಳು ಖಾಲಿ, ಎಂದಿನಿಂದ ಖಾಲಿ ಎಂಬ ಅಂಕಿ ಬೇಕಾದರೆ ಎರಡನೆಯದೇ ಉತ್ತಮ, ಏಕೆಂದರೆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆಯುಂಟು. ಮಂತ್ರಿ ಸಭೆಯಲ್ಲಿ ಕೊಟ್ಟ ಮಾತು ನೆರವೇರಿತೇ ಎಂದು ನೋಡಲು ಭರವಸೆಗಳ ಸಮಿತಿಯಿದೆ. ಜನರ ಮನವಿಗಳನ್ನು ಪರಿಶೀಲಿಸಲು ಅರ್ಜಿಗಳ ಸಮಿತಿಯಿದೆ. ಸಭೆಯಲ್ಲಿ ಕನ್ನಡದಲ್ಲಿಯೇ ಮಾತಾಡುವ ದಾರಿಯನ್ನೂ ಸಂವಿಧಾನ ಮುಚ್ಚಿಲ್ಲ. ಅಧಿಕೃತ ಭಾಷೆಯಲ್ಲಾಗಲಿ ಹಿಂದಿ, ಇಂಗ್ಲಿಷುಗಳಲ್ಲಾಗಲಿ ಸಮರ್ಪಕವಾಗಿ ವ್ಯಕ್ತಪಡಿಸಲಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು 210ನೆಯ ಅನುಚ್ಛೇದ ಹೇಳುತ್ತದೆ. ಇಲ್ಲಿಯೂ ಇರುವುದು ‘ಬಹುದು’ ಎಂಬುದನ್ನು ನೀವು ಗಮನಿಸಿರಬಹುದು.

ಗಡಿಯ ಎರಡೂ ಬದಿ

ಇದು ಕೇರಳದೊಂದರ ಕಥೆಯಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆ ಹೊಸೂರು, ತಾಳವಾಡಿಗಳ ಕನ್ನಡ ಮಕ್ಕಳನ್ನು ಮುಟ್ಟಿತು. 2018ರಲ್ಲಿ ತೆಲಂಗಾಣ ತೆಲುಗಿಗಾಗಿ, 2020ರಲ್ಲಿ ಮಹಾರಾಷ್ಟ್ರ ಮರಾಠಿಗಾಗಿ ಇಂತಹುದೇ ಕಾಯಿದೆಗಳನ್ನು ಮಾಡಿದವು. ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗೂ ಇದೇ ಪ್ರಶ್ನೆ. ಹಾಗೆಯೇ ಕರ್ನಾಟಕವೂ 2015ರಲ್ಲಿ ಕನ್ನಡ ಭಾಷಾ ಕಲಿಕೆಯ ಕಾಯಿದೆ ಮಾಡಿದೆ ಎಂಬುದನ್ನು ಮರೆಯುವಂತಿಲ್ಲ. ಬೆಳಗಾವಿಯ ಮರಾಠಿ ಮಗುವಿಗೆ, ಬಳ್ಳಾರಿಯ ತೆಲುಗು ಮಗುವಿಗೆ ನಾವು ಯಾವ ನ್ಯಾಯವನ್ನು ಒಪ್ಪುತ್ತೇವೆಯೋ ಅದನ್ನೇ ಇಲ್ಲಿ ಕೇಳಿದಾಗ ನಮ್ಮ ಮಾತಿಗೆ ತೂಕ ಬರುತ್ತದೆ. ಒಂದೆಡೆ ಬಹುಸಂಖ್ಯಾತರಾಗಿ, ಇನ್ನೊಂದೆಡೆ ಅಲ್ಪಸಂಖ್ಯಾತರಾಗಿ ಎರಡು ಅಳತೆಗೋಲು ಹಿಡಿದರೆ ಯಾವ ಸಭೆಯೂ ನಮ್ಮ ವಾದಕ್ಕೆ ಕಿವಿಗೊಡದು.

ನಮ್ಮ ಪಾಲಿನ ಕೆಲಸ

ಶಾಸಕ ಎಷ್ಟೇ ಶ್ರದ್ಧಾವಂತನಾದರೂ ಅವನ ಕೈಗೆ ವಿವರ ಬರಬೇಕಾದುದು ಊರಿನಿಂದ. ‘ಕನ್ನಡಕ್ಕೆ ಅನ್ಯಾಯವಾಗುತ್ತಿದೆ’ ಎಂಬ ಮನವಿಯಿಂದ ಒಂದು ಪ್ರಶ್ನೆಯೂ ಹುಟ್ಟದು. ಇಂತಹ ತರಗತಿಗೆ ಇಂತಹ ವಿಷಯದ ಅಧ್ಯಾಪಕರು ಇಂತಹ ತಿಂಗಳಿನಿಂದ ಇಲ್ಲ, ಇಷ್ಟು ಮಕ್ಕಳಿದ್ದಾರೆ, ಇಂತಹ ದಿನ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ ಎಂದು ಬರೆದರೆ ಅದು ಸಭೆಯ ಪ್ರಶ್ನೆಯಾಗಬಲ್ಲದು. ಮಸೂದೆಗಳು ಇಂದು ಹೆಚ್ಚಾಗಿ ಮಲಯಾಳದಲ್ಲಿ ಮಂಡನೆಯಾಗುತ್ತವೆ. 348ನೆಯ ಅನುಚ್ಛೇದದಂತೆ ಅವುಗಳ ಅಧಿಕೃತ ಇಂಗ್ಲಿಷ್ ಪಾಠ ಪ್ರಕಟವಾಗುತ್ತದೆ. ಕನ್ನಡದ ಪಾಠ ಹೊರಡುವುದಿಲ್ಲ. ಮಲಯಾಳವನ್ನೂ ಕನ್ನಡವನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳು ಕರಡಿನ ನಾಲ್ಕು ಖಂಡಗಳನ್ನು ಕನ್ನಡಕ್ಕೆ ತಂದು ಊರಿನ ವಾಚನಾಲಯದಲ್ಲಿ ಓದಿ ಹೇಳಿದರೆ ಅದು ದೊಡ್ಡ ಸೇವೆ.

ಎಲ್ಲಕ್ಕಿಂತ ಸರಳವಾದ ಕೆಲಸ ಇನ್ನೊಂದಿದೆ. ಮುಂದಿನ ಸಲ ಸರ್ಕಾರಿ ಕಚೇರಿಗೆ ಅರ್ಜಿ ಬರೆಯಬೇಕಾದಾಗ ಕನ್ನಡದಲ್ಲಿ ಬರೆಯಿರಿ, ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಇಟ್ಟುಕೊಳ್ಳಿರಿ. ಬಳಸದ ‘ಬಹುದು’ ಕ್ರಮೇಣ ‘ಬಾರದು’ ಆಗುತ್ತದೆ. ಬಳಸಿದಾಗಲೇ ಅದರ ಎದುರಿಗಿರುವ ‘ತಕ್ಕದ್ದು’ ಎಚ್ಚರಗೊಳ್ಳುತ್ತದೆ. ಉತ್ತರ ಬೇರೆ ಭಾಷೆಯಲ್ಲಿ ಬಂದರೆ, ಅಥವಾ ಬಾರದಿದ್ದರೆ, ಆ ಪ್ರತಿಯನ್ನು ಹಿಡಿದು ಶಾಸಕರ ಬಳಿಗೆ ಹೋಗಿರಿ. ಅವರು ಸಭೆಯಲ್ಲಿ ಎತ್ತಬೇಕಾದ ಪ್ರಶ್ನೆಯ ಮೊದಲ ಕರಡು ನಿಮ್ಮ ಕೈಯಲ್ಲಿರುತ್ತದೆ.